ಬೊಳ್ಳಿಯ ಹೆರಿಗೆ ಮತ್ತು ಹಾಲುಪುಡಿಯ ದೇಶ

ದೋಹಾದ ಅಲ್ ಮನ್ಸೂರಾದಲ್ಲಿರುವ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಒಲೆಯ ಬಲಕ್ಕೆ, ಒಂದು ಹಾಲುಪುಡಿಯ ಡಬ್ಬ ಇದೆ. ಅದರೊಳಗೆ ಹಾಲುಪುಡಿಯೇ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಗಲ್ಫಿನ ಹಾಲುಪುಡಿ ಡಬ್ಬದೊಳಗೆ ಏನು ಬೇಕಾದರೂ ಇರಬಹುದು, ಹಾಲುಪುಡಿ ಒಂದನ್ನು ಬಿಟ್ಟು. ಹುರುಳಿ, ಹಪ್ಪಳ, ಗುಂಡಿ, ಸೂಜಿ, ಬಾವಿಯ ಹಗ್ಗದ ತುಂಡು, ಕಳೆದ ವರ್ಷದ ಕ್ರಿಸ್ಮಸ್ ನಕ್ಷತ್ರದ ಬಲ್ಬು. ಡಬ್ಬದ ಮೇಲೆ ಮಾತ್ರ ಹಸಿರು ಗುಡ್ಡ, ನೀಲಿ ಆಕಾಶ, ಮಧ್ಯದಲ್ಲಿ ಜಗತ್ತಿನ ಯಾವ ಚಿಂತೆಯೂ ಇಲ್ಲದ ಒಂದು ಹಸು.

ಇವತ್ತು ಬೆಳಿಗ್ಗೆ ಚಹಾಕ್ಕೆ ಪುಡಿ ತೆಗೆಯುವಾಗ ಚಮಚ ತಳಕ್ಕೆ ತಾಗಿ ಟಣ್ ಎಂದಿತು. ಆ ಸದ್ದಿಗೆ ನನ್ನ ಅತ್ತೆ ನೆನಪಾದರು. ಸೊಸೆಗೆ ಅತ್ತೆ ನೆನಪಾಗಲು ಖಾಲಿ ಡಬ್ಬದ ಸದ್ದು ಬೇಕಾಯಿತೇ ಎಂದು ನಗಬೇಡಿ. ನಾನೇ ಮೊದಲು ನಕ್ಕಾಗಿದೆ.

ನೀವು ಗಲ್ಫಿನಲ್ಲಿ ಇದ್ದವರಾದರೆ ನಿಮಗೆ ಗೊತ್ತು. ರಜೆಗೆ ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಖರ್ಜೂರ, ತಲೆನೋವಿನ ಮುಲಾಮು, ಟಾರ್ಚು, ಸೆಂಟಿನ ಜೊತೆ ಹಾಲುಪುಡಿ ಇರಲೇಬೇಕು. ಅದಿಲ್ಲದಿದ್ದರೆ ಊರಿನವರ ಲೆಕ್ಕದಲ್ಲಿ ನೀವು ಗಲ್ಫಿನಿಂದ ಬಂದವರೇ ಅಲ್ಲ, ಬರೀ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಬಂದವರು. ನನ್ನ ಗಂಡ ವಿಲ್ಫಿಯೂ ಮದುವೆಗೆ ಮೊದಲಿನಿಂದ ಪ್ರತಿ ರಜೆಗೂ ಅವನ ಅಮ್ಮನಿಗೆ ಹಾಲುಪುಡಿ ಒಯ್ಯುತ್ತಿದ್ದ. ಕಾರ್ಕಳದ ಹತ್ತಿರದ ಆ ಮನೆಯ ಹಟ್ಟಿಯಲ್ಲಿ ಯಾವಾಗಲೂ ಒಂದೆರಡು ಹಸು ಇರುತ್ತಿದ್ದವು. ಅತ್ತೆ ದಿನಾ ಹಾಲಿನ ಸೊಸೈಟಿಗೆ ಹಾಲು ಹಾಕುವವರು. ಭೂಮಿಯ ಆ ತುದಿಯ ಹಸುವಿನ ಹಾಲನ್ನು ಪುಡಿ ಮಾಡಿ, ಹಡಗಿಗೆ ಹಾಕಿ, ದೋಹಾಕ್ಕೆ ತಂದು, ಡಬ್ಬಕ್ಕೆ ತುಂಬಿ, ವಿಮಾನಕ್ಕೇರಿಸಿ, ಕೊನೆಗೆ ಹಸು ಇರುವ ಮನೆಗೇ ತಲುಪಿಸುತ್ತಿದ್ದೆವು. ಇದರಲ್ಲಿ ಏನೋ ವಿಚಿತ್ರ ಇದೆ ಎಂದು ನಮಗೆ ಯಾರಿಗೂ ಒಮ್ಮೆಯೂ ಹೊಳೆಯಲಿಲ್ಲ.

ಹೊಳೆದದ್ದು ಅತ್ತೆಗೆ ಮಾತ್ರ. ಅವರು ಆ ಪುಡಿಯನ್ನು ಉಗುರುಬೆಚ್ಚಗಿನ ನೀರಿಗೆ ಕದಡಿ ಕರುವಿಗೆ ಕುಡಿಸುತ್ತಿದ್ದರು. ನನಗೆ ಇದು ತಿಳಿದದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. “ನಿಮ್ಮ ಡಬ್ಬದ ಹಾಲು ಒಳ್ಳೇದುಂಟು ಐರಿನ್. ಕರು ಒಂದು ತೊಟ್ಟು ಬಿಡುದಿಲ್ಲ,” ಎಂದು ಅವರೇ ಹೊಗಳಿದರು. ವಿಮಾನದಲ್ಲಿ ತೂಕಕ್ಕೆ ಹೆದರಿ ನನ್ನ ಎರಡು ಸೀರೆ ಬಿಟ್ಟು ಆ ಡಬ್ಬ ತುಂಬಿಸಿದವಳು ನಾನು. ನನ್ನ ಮುಖ ಹೇಗಾಗಿರಬೇಡ!

ನಮ್ಮ ಮನೆಯಲ್ಲಿ ಮಾತು ಕೊಂಕಣಿ, ಜಗಳ ತುಳು, ಇಂಥ ಪುರಾಣ ಬರೆಯಲು ಮಾತ್ರ ಕನ್ನಡ. ಹಾಗಾಗಿ ಇಲ್ಲಿ ಯಾರು ಏನು ಮಾತಾಡಿದರೂ ನನ್ನ ಕನ್ನಡದಲ್ಲೇ ಕೇಳಿಸಿಕೊಳ್ಳಿ.

ಹಾಲುಪುಡಿಯ ಮೇಲೆ ನನಗೆ ಇರುವ ಅಭಿಮಾನಕ್ಕೆ ಇನ್ನೊಂದು ಕಾರಣವಿದೆ. ಮುಶೈರಿಬ್‌ನಲ್ಲಿ ನಾನು ಕೆಲಸ ಮಾಡುವ ಕಂಪೆನಿ ನ್ಯೂಜಿಲೆಂಡಿನಿಂದ ಹಾಲುಪುಡಿ ತರಿಸಿ ಇಲ್ಲಿ ಡಬ್ಬಕ್ಕೆ ತುಂಬಿ ಮಾರುತ್ತದೆ. ಹಡಗು ಹೊರಟಿತೇ, ಬಂತೇ, ಬಂದರಿನಲ್ಲಿ ಮಾಲು ಇಳಿಯಿತೇ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಜೀವಮಾನದಲ್ಲಿ ನ್ಯೂಜಿಲೆಂಡಿಗೆ ಕಾಲಿಟ್ಟವಳಲ್ಲ. ಆದರೆ ಆಫೀಸಿನ ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ ನೋಡಿ, ಅಲ್ಲಿಯೇ ಹುಟ್ಟಿದವಳಂತೆ ಮಾತಾಡುವುದನ್ನು ಕಲಿತಿದ್ದೇನೆ. ಯಾರದಾದರೂ ಮನೆಯ ಊಟಕ್ಕೆ ಹೋದರೆ ಬಿರಿಯಾನಿ ಬಡಿಸುವ ಮೊದಲೇ ನನ್ನ ಹುಲ್ಲುಗಾವಲಿನ ಉಪನ್ಯಾಸ ಶುರುವಾಗುತ್ತದೆ. ವಿಲ್ಫಿ ಕಣ್ಣಿನಲ್ಲೇ “ಖಲಾಸ್, ಸಾಕು” ಎನ್ನುತ್ತಾನೆ. ನನ್ನದು ಒಮ್ಮೆ ಬಿಟ್ಟರೆ ನಿಲ್ಲುವ ಬಾಯಿಯಲ್ಲ.

ಆದರೂ ನೀವೇ ಹೇಳಿ, ಮೆಚ್ಚದೆ ಇರುವುದು ಹೇಗೆ? ಆ ದೇಶಕ್ಕೆ ದೇವರು ಕೊಟ್ಟದ್ದು ಮಳೆ ಮತ್ತು ಹುಲ್ಲು. ಅದನ್ನೇ ನಂಬಿ ಒಂದು ದೇಶ ನಡೆಯುತ್ತದೆ. ಹಸುಗಳು ವರ್ಷವಿಡೀ ಬಯಲಿನಲ್ಲಿ. ಇವತ್ತು ಈ ತುಂಡು ಹುಲ್ಲು ಮೇದರೆ ನಾಳೆ ಪಕ್ಕದ ತುಂಡು, ಸುತ್ತು ಮುಗಿಸಿ ಬರುವಷ್ಟರಲ್ಲಿ ಮೊದಲಿನದು ಮತ್ತೆ ಮೊಣಕಾಲೆತ್ತರ ಬೆಳೆದಿರುತ್ತದೆ. ಹಾಲನ್ನು ಪುಡಿ ಮಾಡುವ ಕಾರ್ಖಾನೆಯೂ ರೈತರದೇ, ನಮ್ಮೂರಿನ ಹಾಲಿನ ಸೊಸೈಟಿ ಬೆಳೆದು ಬೆಳೆದು ದೇಶದಷ್ಟು ದೊಡ್ಡದಾದ ಹಾಗೆ. ಹಾಲಿನಿಂದ ನೀರನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ಮೂಟೆ ಕಟ್ಟಿ, ಒಂದು ಎಸಳು ಹುಲ್ಲು ಹುಟ್ಟದ ಮರಳಿನ ಊರಿಗೆ ಕಳಿಸುತ್ತಾರೆ. ನಾವು ಇಲ್ಲಿ ಅದಕ್ಕೆ ಸಮುದ್ರದ ನೀರನ್ನು ಸಿಹಿ ಮಾಡಿ ಸೇರಿಸುತ್ತೇವೆ. ಕ್ಯಾಫೆಟೇರಿಯಾದ ಪುತ್ತೂರಿನ ಬ್ಯಾರಿಗಳು ಏಲಕ್ಕಿ ಜಜ್ಜಿ ಹಾಕಿ, ಬಣ್ಣ ಬರುವವರೆಗೆ ಕುದಿಸಿ, ಕಾರಿನ ಕಿಟಕಿಯೊಳಗೆ ಕರಕ್ ಚಹಾ ಚಾಚುತ್ತಾರೆ. ಆ ಕಾಗದದ ಕಪ್ಪಿನೊಳಗೆ ಎಷ್ಟು ಜನರ ಕೈ ಇದೆ ಎಂದು ಯೋಚಿಸಿದರೆ ನನಗೆ ನಿಜವಾಗಿಯೂ ಕಣ್ಣು ತುಂಬುತ್ತದೆ. ವಿಲ್ಫಿ ಹೇಳುವುದು ಏಲಕ್ಕಿ ಜಾಸ್ತಿಯಾಗಿದೆ ಎಂದು.

ಹೋದ ಜೂನಿನಲ್ಲಿ ನಮ್ಮ ಮಗಳು ಜೆನಿಶಾಳಿಗೆ ಮೊದಲ ಪರಮಪ್ರಸಾದ. ನಮ್ಮಲ್ಲಿ ಮಕ್ಕಳು ಮೊದಲ ಬಾರಿ ಪ್ರಸಾದ ಸ್ವೀಕರಿಸುವ ದಿನವೆಂದರೆ ಸಣ್ಣ ಮದುವೆಯೇ. ಬಿಳಿ ಫ್ರಾಕು, ತಲೆಗೆ ಹೂವಿನ ಮುಡಿ, ಕೈಯಲ್ಲಿ ಮೇಣದ ಬತ್ತಿ, ಆಮೇಲೆ ಹಾಲ್‌ನಲ್ಲಿ ಊಟ. ಅಜ್ಜಿ ಬಂದೇ ಬರಬೇಕೆಂದು ಜೆನಿಶಾ ಹಟ ಹಿಡಿದಳು. ಆಶ್ಚರ್ಯವೆಂದರೆ ಅತ್ತೆ ಒಪ್ಪಿದರು. ಅವರು ಅದುವರೆಗೆ ಹಸುವನ್ನು ಬಿಟ್ಟು ಒಂದು ರಾತ್ರಿ ಬೇರೆ ಕಡೆ ಮಲಗಿದವರಲ್ಲ. ನಮ್ಮ ಮದುವೆಯ ಫೋಟೋಗಳಲ್ಲಿ ಕೇಕು ಕತ್ತರಿಸುವವರೆಗೆ ಅತ್ತೆ ಇದ್ದಾರೆ, ಆಮೇಲೆ ಗ್ಲಾಸು ಎತ್ತಿ ಶುಭ ಕೋರುವ ಟೋಸ್ಟ್ ಹೇಳುವಾಗ ಇಲ್ಲ. ಸಂಜೆಯ ಹಾಲು ಕರೆಯಲು ರಿಕ್ಷಾ ಹತ್ತಿ ಹೋಗಿದ್ದರು, ಅದೇ ರೇಶ್ಮೆ ಸೀರೆಯಲ್ಲಿ. ಮದುಮಗಳಾದ ನಾನು ಅದನ್ನು ಕಂಡಿದ್ದೆ, ಸುಮ್ಮನಿದ್ದೆ. ಹೊಸ ಸೊಸೆ ಮೊದಲ ದಿನವೇ ಹಸುವಿನ ಜೊತೆ ಜಗಳಕ್ಕೆ ನಿಲ್ಲಬಾರದು ಎಂಬಷ್ಟು ಬುದ್ಧಿ ನನಗಿತ್ತು.

ಅವರು ಬರಲು ಒಪ್ಪಿದ್ದು ಲೆಕ್ಕ ಹಾಕಿಯೇ. ಹಟ್ಟಿಯಲ್ಲಿ ಈಗ ಇರುವುದು ಬೊಳ್ಳಿ ಒಬ್ಬಳೇ. ಬಿಳಿ ಕಡಸು, ಗಬ್ಬ, ಮೊದಲ ಕರು. ಹಾಲು ಇಲ್ಲದ್ದರಿಂದ ಕರೆಯುವ ಕೆಲಸವಿಲ್ಲ. ಕರು ಹಾಕುವುದು ಜೂನ್ ಕೊನೆಗೆ ಎಂದು ಅಂದಾಜು. ಅಷ್ಟರೊಳಗೆ ದೋಹಾ ನೋಡಿ, ಮೊಮ್ಮಗಳ ಪರಮಪ್ರಸಾದ ಮುಗಿಸಿ ಮರಳಬಹುದು. ಹುಲ್ಲು, ಅಕ್ಕಿ ತೊಳೆದ ಅಕ್ಕಚ್ಚು ಕೊಡಲು ಪಕ್ಕದ ಮನೆಯ ಗಿರಿಜಕ್ಕನನ್ನು ಒಪ್ಪಿಸಿ ಬಂದರು.

ದೋಹಾದಲ್ಲಿ ಅವರಿಗೆ ಹಿಡಿಸಿದ್ದು ಮೆಟ್ರೋ ಮತ್ತು ಬಟ್ಟೆ ಬೇಗ ಒಣಗುವುದು. ಅಲ್ ವಕ್ರಾದ ಸಮುದ್ರ ದಂಡೆಗೆ ಕರೆದುಕೊಂಡು ಹೋದರೆ, “ಸಮುದ್ರ ನಮ್ಮದೇ ಒಳ್ಳೇದು, ಇದಕ್ಕೆ ಸಿಟ್ಟೇ ಇಲ್ಲ,” ಎಂದರು. ಇಲ್ಲಿ ಮರಳಿನ ನಡುವೆಯೂ ದೊಡ್ಡ ಡೈರಿ ಇದೆ, ಹಸುಗಳಿಗೆ ಫ್ಯಾನು, ನೀರಿನ ಮಂಜು ಎಲ್ಲ ಇದೆ ಎಂದಾಗ ಮಾತ್ರ ತುಂಬಾ ಹೊತ್ತು ಯೋಚಿಸಿದರು. “ಫ್ಯಾನು ಹಾಕಿ ಹಸು ಸಾಕುದು ದೊಡ್ಡ ಮನಸ್ಸು,” ಎಂದು ಮೆಚ್ಚಿದರು.

ಪರಮಪ್ರಸಾದ ಶುಕ್ರವಾರಕ್ಕೆ. ಇಲ್ಲಿ ರಜೆ ಆ ದಿನವಾದ್ದರಿಂದ ಶುಕ್ರವಾರವೇ ನಮ್ಮ ಭಾನುವಾರ. ಅದಕ್ಕಿಂತ ಮೊದಲಿನ ಶನಿವಾರ ಗಿರಿಜಕ್ಕನ ಮಗ ಬೊಳ್ಳಿಯ ವಿಡಿಯೋ ಕಳಿಸಿದ. ಅತ್ತೆ ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು.

“ಕೆಚ್ಚಲು ಇಳಿದುಂಟು. ಬಾಲದ ಬುಡ ಸಡಿಲ ಆಗಿದೆ. ಇವಳು ಜೂನ್ ಕೊನೆಗೆ ನಿಲ್ಲುವವಳಲ್ಲ, ಈ ವಾರದಲ್ಲೇ ಹಾಕ್ತಾಳೆ,” ಎಂದರು. ಆಮೇಲೆ ಮಗನ ಕಡೆ ತಿರುಗಿ, “ವಿಲ್ಫಿ, ನನಗೆ ಬುಧವಾರಕ್ಕೆ ಟಿಕೆಟ್ ಮಾಡು,” ಎಂದರು.

“ಶುಕ್ರವಾರ ಮುಗಿಸಿ ಹೋಗು ಅಮ್ಮ. ಎರಡು ದಿನ.”

“ಹಸುವಿಗೆ ನಿನ್ನ ಶುಕ್ರವಾರ ಗೊತ್ತುಂಟಾ?”

“ಗಿರಿಜಕ್ಕ ಇಲ್ವಾ ಅಲ್ಲಿ? ಡಾಕ್ಟ್ರು ಇಲ್ವಾ?”

“ಚೊಚ್ಚಲು ಮಗಾ. ಹೆದರಿ ಒದೀತಾಳೆ. ಕರುವನ್ನು ಹತ್ತಿರ ಸೇರಿಸದಿದ್ದರೆ? ಗಿರಿಜಳ ಕೈ ಅವಳಿಗೆ ಗೊತ್ತಿಲ್ಲ.”

ವಿಲ್ಫಿ ಶಾಂತ ಮನುಷ್ಯ. ಸಿಟ್ಟು ಬಂದರೆ ಅವನ ಸ್ವರ ಇನ್ನೂ ಸಣ್ಣದಾಗುತ್ತದೆ. “ನಿನಗೆ ಯಾವಾಗಲೂ ಹಟ್ಟಿಯೇ ಮೊದಲು. ನನಗೆ ಅಭ್ಯಾಸ ಆಗಿದೆ. ಈ ಮಗುವಿಗೂ ಹಾಗೇ ಮಾಡಬೇಡ,” ಎಂದು ಎದ್ದು ಹೋದ. ಜೆನಿಶಾ ಅಳಲಿಲ್ಲ, ಅಳುವುದಕ್ಕಿಂತ ಕೆಟ್ಟದಾಗಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತನ್ನ ತಲೆಗೆ ಹೂವಿನ ಮುಡಿ ಇಡುವುದು ಅಜ್ಜಿಯೇ ಎಂದು ಅವಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಆಗ ನನ್ನ ತಲೆ ಓಡಿತು. ನನ್ನ ತಲೆ ಓಡಿದಾಗಲೆಲ್ಲ ಮನೆಯವರು ಹೆದರುತ್ತಾರೆ.

ನಮ್ಮ ಕಂಪೆನಿಗೆ ಹಾಲುಪುಡಿ ಕಳಿಸುವ ಆ ದೊಡ್ಡ ಸೊಸೈಟಿಯಿಂದ ಗ್ರೆಗ್ ಎಂಬವರು ಆ ವಾರ ದೋಹಾಕ್ಕೆ ಬಂದಿದ್ದರು. ಸೊಸೈಟಿಯ ನಿರ್ದೇಶಕರು, ಆದರೆ ಅಸಲಿಗೆ ರೈತರೇ. ಕೋಟು ಹಾಕಿದರೂ ಕೈ ನೋಡಿದರೆ ತಿಳಿಯುತ್ತದೆ, ಬೆರಳುಗಳು ಒಂದೊಂದೂ ಬಾಳೆಕಾಯಿಯಷ್ಟು ದಪ್ಪ. ನೂರಾರು ಹಸುಗಳನ್ನು ಬಿಟ್ಟು ಈ ಮನುಷ್ಯ ಊರೂರು ತಿರುಗುತ್ತಾನೆ. ಒಂದೇ ಹಸು ಇರುವ ಅತ್ತೆಗೆ ಇವನನ್ನು ತೋರಿಸಿದರೆ ಮುಗಿಯಿತು, ಶುಕ್ರವಾರ ನಮ್ಮದು. ನಾನು ಅವರನ್ನು ಸೋಮವಾರ ಸಂಜೆ ಚಹಾಕ್ಕೆ ಕರೆದೆ. ಕರಾವಳಿಯ ಗೋಳಿಬಜೆ ತಿನ್ನಿಸುತ್ತೇನೆ ಎಂದೆ. ಬಾಸ್‌ಗೆ ನನ್ನ ಸೌಜನ್ಯ ನೋಡಿ ಸಂತೋಷವೋ ಸಂತೋಷ.

ಅತಿಥಿಗೆ ಗೌರವ ಇರಲಿ ಎಂದು ಇಲ್ಲಿನ ಡೈರಿಯ ತಾಜಾ ಹಾಲು ತಂದು, ನಮ್ಮ ಡಬ್ಬವನ್ನು ಕಪಾಟಿನ ಹಿಂದೆ ಅಡಗಿಸಿದೆ. ಹಾಲುಪುಡಿ ಮಾರುವವನಿಗೆ ಹಾಲುಪುಡಿಯ ಚಹಾ ಕೊಡುವುದು ಅವಮಾನ ಎಂದು ನನಗೆ ಯಾಕೆ ಅನಿಸಿತೋ ದೇವರಿಗೇ ಗೊತ್ತು.

ಗ್ರೆಗ್ ಬಂದು ಸೋಫಾದಲ್ಲಿ ಕುಳಿತರು. ಅತ್ತೆ ಎದುರಿನ ಕುರ್ಚಿಯಲ್ಲಿ. ನಡುವೆ ದುಭಾಷಿ ನಾನು. ಮೂಲೆಯಲ್ಲಿ ಜೆನಿಶಾ, ಮುಖ ಊದಿಸಿಕೊಂಡು. ವಿಲ್ಫಿ ಇನ್ನೂ ಕೆಲಸದಿಂದ ಬಂದಿರಲಿಲ್ಲ.

“ಎಷ್ಟು ಹಸು ಉಂಟಂತೆ ಕೇಳು,” ಎಂದರು ಅತ್ತೆ.

“ನಾಲ್ಕುನೂರು ಚಿಲ್ಲರೆ.”

“ಇರಲಿ. ಕರೆಯುವವರು ಯಾರು?”

“ನಾನು, ಹೆಂಡತಿ, ಇನ್ನೊಬ್ಬ ಹುಡುಗ,” ಎಂದು ಗ್ರೆಗ್ ಫೋನಿನಲ್ಲಿ ವಿಡಿಯೋ ತೋರಿಸಿದರು. ಒಂದು ದೊಡ್ಡ ದುಂಡು ಕಟ್ಟೆ ಮೆಲ್ಲಗೆ ತಿರುಗುತ್ತಿದೆ. ಹಸುಗಳು ಒಂದೊಂದಾಗಿ ತಾವೇ ಬಂದು ಅದರ ಮೇಲೆ ಹತ್ತಿ ನಿಲ್ಲುತ್ತವೆ, ಕರೆಯುವ ಕೊಳವೆ ಹಾಕಿಸಿಕೊಳ್ಳುತ್ತವೆ, ಒಂದು ಸುತ್ತು ಮುಗಿಯುವಾಗ ಹಿಂದೆ ಹೆಜ್ಜೆ ಇಟ್ಟು ಇಳಿದು ಹುಲ್ಲಿಗೆ ಹೋಗುತ್ತವೆ. ಮಕ್ಕಳು ಕೂತು ತಿರುಗುವ ಮರದ ಕುದುರೆಯ ಹಾಗೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು.

ಆಮೇಲೆ ಹುಲ್ಲಿನ ಚಿತ್ರ ಬಂತು. ಅತ್ತೆ ನಗು ನಿಲ್ಲಿಸಿ ಫೋನನ್ನು ಕೈಗೆ ತೆಗೆದುಕೊಂಡರು. ಎಲ್ಲಿಂದ ಎಲ್ಲಿಯವರೆಗೆ ನೋಡಿದರೂ ಹುಲ್ಲು.

“ಹಟ್ಟಿ ಎಲ್ಲಿ?”

“ಹಟ್ಟಿ ಇಲ್ಲ.”

“ಮಳೆ ಬಂದರೆ?”

“ನೆನೆಯುತ್ತವೆ.”

“ಪಾಪ,” ಎಂದರು ಅತ್ತೆ. ಆದರೆ ಫೋನನ್ನು ಕೊಡಲಿಲ್ಲ. “ನಾನು ಹುಲ್ಲು ಕೊಯ್ದು ಹೊತ್ತು ಹೊತ್ತು ತಲೆಯ ನಡುವೆ ಕೂದಲೇ ಇಲ್ಲ ನೋಡು. ಇವರು ಹುಲ್ಲು ಹಸುವಿನ ಹತ್ತಿರ ತರುದಿಲ್ಲ, ಹಸುವನ್ನೇ ಹುಲ್ಲಿನ ಹತ್ತಿರ ಬಿಡ್ತಾರೆ. ಎಂಥ ಬುದ್ಧಿವಂತರು! ಹೇಳು ಇವರಿಗೆ, ನಾನು ಹೊಗಳಿದೆ ಅಂತ.”

ಹೇಳಿದೆ. ಗ್ರೆಗ್ ತಲೆ ಬಗ್ಗಿಸಿ ಸ್ವೀಕರಿಸಿದರು. ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ, ನಾನು ಅಡಗಿಸಿದ್ದ ಡಬ್ಬವನ್ನು ಹುಡುಕಿ ತಂದು ಅವರ ಮುಂದೆ ಇಟ್ಟುಬಿಟ್ಟರು. “ಇದು ಇವರದಲ್ಲವಾ? ನಾನು ಇದನ್ನು ಕರುವಿಗೆ ಹಾಕ್ತೇನೆ ಅಂತ ಹೇಳು.”

ದೇಶದ ಹೆಮ್ಮೆಯ ಮಾಲನ್ನು ಕರುವಿಗೆ ಹಾಕುತ್ತೇವೆ ಎಂದು ಅದರ ನಿರ್ದೇಶಕರಿಗೆ ಹೇಳುವುದು ಹೇಗೆ? ತಡವರಿಸಿ ತಡವರಿಸಿ ಹೇಳಿದೆ. ಗ್ರೆಗ್ ಕೈಯಲ್ಲಿದ್ದ ಚಹಾ ತುಳುಕುವಷ್ಟು ನಕ್ಕರು. ತಾನೂ ಕರುಗಳಿಗೆ ಪುಡಿಯನ್ನೇ ಕದಡಿ ಹಾಕುವುದಂತೆ. “ಕರುಗಳಿಂದ ಏನಾದರೂ ದೂರು?” ಎಂದು ಕೇಳಿದರು. “ಎಂತದೂ ಇಲ್ಲ, ಎಲ್ಲ ಗುಂಡುಗುಂಡಾಗಿ ಬೆಳೆದವು,” ಎಂದರು ಅತ್ತೆ. ಇಬ್ಬರಿಗೂ ಪರಸ್ಪರ ಹಿಡಿಸಿತು. ಲಕ್ಷಣ ಚೆನ್ನಾಗಿದೆ ಎಂದುಕೊಂಡು ನಾನು ನನ್ನ ಬಾಣ ಹೂಡಿದೆ.

“ಈಗ ನೀವು ದೋಹಾದಲ್ಲಿ ಕೂತಿದ್ದೀರಲ್ಲ, ಅಲ್ಲಿ ಹಾಲು ಕರೆಯುವುದು ಯಾರು?” ಆಳುಗಳು ಎನ್ನುತ್ತಾರೆ, ಅತ್ತೆಗೆ ಪಾಠವಾಗುತ್ತದೆ ಎಂದು ನನ್ನ ಲೆಕ್ಕ.

“ಯಾರೂ ಇಲ್ಲ,” ಎಂದರು ಗ್ರೆಗ್. “ಅಲ್ಲಿ ಈಗ ಚಳಿಗಾಲ. ಹುಲ್ಲು ಬೆಳೆಯುವುದು ನಿಧಾನ. ಅದಕ್ಕೆ ಎಲ್ಲ ಹಸುಗಳ ಹಾಲನ್ನೂ ಒಟ್ಟಿಗೇ ಬತ್ತಿಸುತ್ತೇವೆ. ಆಗಸ್ಟ್‌ನಲ್ಲಿ ಹುಲ್ಲು ಚಿಗುರುವಾಗ ಎಲ್ಲವೂ ಒಟ್ಟಿಗೇ ಕರು ಹಾಕುತ್ತವೆ.”

ಇದನ್ನು ಹೇಳಿದಾಗ ಅತ್ತೆ ಕುರ್ಚಿಯ ಅಂಚಿಗೆ ಬಂದರು. “ಎಲ್ಲವೂ ಒಟ್ಟಿಗಾ? ಹಾಗಾದರೆ ಇವರಿಗೆ ವರ್ಷದಲ್ಲಿ ಎರಡು ತಿಂಗಳು ಕರೆಯಲಿಕ್ಕೇ ಇಲ್ಲವಾ?”

“ಇಲ್ಲ.”

ಅತ್ತೆ ಬೆರಳು ಮಡಚಿ ತಿಂಗಳು ಎಣಿಸಿದರು. “ನನ್ನಲ್ಲಿ ಒಂದು ಬತ್ತುವಾಗ ಇನ್ನೊಂದು ಕರು ಹಾಕ್ತಿತ್ತು. ಸೊಸೈಟಿಗೆ ಹಾಲು ತಪ್ಪಬಾರದಂತ ನಾನೇ ಹಾಗೆ ಮಾಡ್ತಿದ್ದೆ. ಹೀಗೂ ಮಾಡಬಹುದು ಅಂತ ನನಗೆ ಯಾರೂ ಹೇಳಲಿಲ್ಲ,” ಎಂದರು. ಆ ಮಾತನ್ನು ನಾನು ಇಂಗ್ಲಿಷಿಗೆ ತರಲಿಲ್ಲ. ಹಾಲು ತಪ್ಪಬಾರದೆಂದು ಅವರು ಹೋಗದೆ ಉಳಿದ ತಮ್ಮನ ಮದುವೆ, ಮಗನ ಕಾಲೇಜಿನ ಸಮಾರಂಭ, ನಮ್ಮ ಮದುವೆಯ ಟೋಸ್ಟು, ಎಲ್ಲ ಒಮ್ಮೆ ಕಣ್ಣ ಮುಂದೆ ಹಾದುಹೋಯಿತು.

ಆದರೂ ಕೆಲಸ ಮುಗಿಯಬೇಕಲ್ಲ. ನಾನು ಗ್ರೆಗ್‌ಗೆ ವಿಷಯ ಬಿಡಿಸಿ ಹೇಳಿದೆ. ಶುಕ್ರವಾರದ ಪರಮಪ್ರಸಾದ, ಬೊಳ್ಳಿ, ಬುಧವಾರದ ಟಿಕೆಟ್. ಒಂದು ಹಸುವಿಗಾಗಿ ಹೀಗೆ ಹೊರಡುವುದು ಬೇಡ ಎಂದು ನೀವೊಬ್ಬರು ಹೇಳಿದರೆ ಅವರು ಕೇಳುತ್ತಾರೆ ಎಂದೆ. ಗ್ರೆಗ್ ಕಪ್ಪು ಕೆಳಗಿಟ್ಟರು. ಮೊದಲ ಕರುವೇ ಎಂದು ಕೇಳಿದರು. ಬಳಿಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಒದೆಯುತ್ತಾಳೆಯೇ ಎಂದೂ ಕೇಳಿದರು. ಆಮೇಲೆ ನನ್ನನ್ನು ಬಿಟ್ಟು ಅತ್ತೆಯನ್ನೇ ನೋಡಿ ಮಾತಾಡಿದರು.

ಆಗಸ್ಟ್‌ನಲ್ಲಿ ತಾನು ಎಲ್ಲಿಗೂ ಹೋಗುವುದಿಲ್ಲ, ಸೊಸೈಟಿಯ ಸಭೆಗೂ ಇಲ್ಲ. ಮಗಳು ಹುಟ್ಟಿದ್ದು ಆಗಸ್ಟ್‌ನಲ್ಲಿ, ಅವಳ ಹುಟ್ಟುಹಬ್ಬದ ಕೇಕನ್ನು ಕೆಸರಿನ ಬೂಟಿನಲ್ಲೇ ನಿಂತು ತಿಂದು ಓಡಿದ್ದೇ ಹೆಚ್ಚು. ತಮ್ಮೂರಿನಲ್ಲಿ ಆ ದಿನಗಳಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಂಡರೆ ಊಟಕ್ಕೆ ಪೇಟೆಯವರು ಮಾತ್ರ. ಚರ್ಚಿನ ಬೆಂಚುಗಳು ಖಾಲಿ, ಯಾಕೆ ಬರಲಿಲ್ಲ ಎಂದು ಫಾದರ್ ಯಾರನ್ನೂ ಕೇಳುವುದಿಲ್ಲ. “ನಾನಾದರೂ ಹೋಗುತ್ತಿದ್ದೆ. ಅವರು ಹೋಗಲೇಬೇಕು,” ಎಂದು ಮುಗಿಸಿದರು.

ಅತ್ತೆ ನನ್ನ ಮುಖ ನೋಡಿದರು. “ಎಂತ ಹೇಳಿದರು?”

“ಯೋಚನೆ ಮಾಡಿ ಅಂತ ಹೇಳಿದರು,” ಎಂದೆ ನಾನು.

ಮೂಲೆಯಿಂದ ಸ್ವರ ಬಂತು. “ಇಲ್ಲ ಮಮ್ಮಿ, ಅಂಕಲ್ ಹಾಗೆ ಹೇಳ್ಲಿಲ್ಲ.” ಜೆನಿಶಾ ಎದ್ದು ಅಜ್ಜಿಯ ಹತ್ತಿರ ಬಂದಳು. ಅವಳ ಮನೆಮಾತು ನಾಲ್ಕು ಹೆಜ್ಜೆಗೊಮ್ಮೆ ಎಡವುತ್ತದೆ, ಆದರೂ ಪೂರ್ತಿ ಹೇಳಿದಳು. “ಅಜ್ಜಿ ಹೋಗ್ಬೇಕು ಅಂತ ಹೇಳಿದ್ರು. ಅಂಕಲ್ ಕೂಡ ಹೋಗ್ತಾರಂತೆ. ಅವರ ಬೇಬಿಯ ಬರ್ತ್‌ಡೇಗೆ ಕೂಡ ನಿಲ್ಲುದಿಲ್ಲಂತೆ.” ಸ್ವಲ್ಪ ನಿಂತು ಕೇಳಿದಳು, “ಬೊಳ್ಳಿಗೆ ತುಂಬಾ ಭಯ ಆಗ್ತದಾ ಅಜ್ಜಿ?”

“ಆಗ್ತದೆ ಮಗಾ. ಅವಳಿಗೆ ಎಂತ ಆಗ್ತಾ ಉಂಟಂತ ಅವಳಿಗೇ ಗೊತ್ತಿರುದಿಲ್ಲ.”

“ಹಾಗಾದ್ರೆ ಹೋಗಿ.”

ನಾನು ಕಟ್ಟಿದ ಕೋಟೆ ಗೋಳಿಬಜೆಯ ತಟ್ಟೆಯ ಮುಂದೆಯೇ ಬಿತ್ತು. ಗ್ರೆಗ್ ಹೋಗುವಾಗ ಅತ್ತೆಯ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡರು, ಸೊಸೈಟಿಯ ಇನ್ನೊಬ್ಬ ನಿರ್ದೇಶಕರಿಗೆ ಕೊಡುವಷ್ಟೇ ಮರ್ಯಾದೆಯಿಂದ.

ಅಂದಿನಿಂದ ನನ್ನ ಹುಲ್ಲುಗಾವಲಿನ ಉಪನ್ಯಾಸ ಸ್ವಲ್ಪ ಬದಲಾಗಿದೆ. ಮೊದಲು ಆ ದೇಶದ ಹುಲ್ಲು, ಯಂತ್ರ, ಹಡಗು ನೋಡಿ ಮೆಚ್ಚುತ್ತಿದ್ದೆ. ಈಗ ಮೆಚ್ಚುವುದು, ಅಲ್ಲಿ ಒಂದು ಊರಿಗೆ ಊರೇ ಹಸುವಿನ ದಿನ ನೋಡಿಕೊಂಡು ತನ್ನ ದಿನ ಇಟ್ಟುಕೊಳ್ಳುತ್ತದಲ್ಲ, ಅದನ್ನು. ಫಾದರ್‌ಗೂ ಟೀಚರ್‌ಗೂ ಮದುಮಗಳಿಗೂ ಅದು ಗೊತ್ತು. ನಮ್ಮಲ್ಲಿ ಅದೇ ಕೆಲಸವನ್ನು ಅತ್ತೆ ಒಬ್ಬರೇ ಮಾಡಿದರು, ಯಾವ ಊರೂ ಅವರ ಜೊತೆ ನಿಲ್ಲಲಿಲ್ಲ, ಮನೆಯೂ ನಿಲ್ಲಲಿಲ್ಲ. ನಾಲ್ಕುನೂರು ಹಸು ಇದ್ದವನದು ಉದ್ಯಮ, ಒಂದು ಹಸು ಇದ್ದವಳದು ಹಟ ಎಂದುಕೊಂಡಿದ್ದೆ ನಾನು. ಇಬ್ಬರದೂ ಒಂದೇ ಕಸುಬು ಎಂದು ತಿಳಿಯಲು ಇಷ್ಟು ವರ್ಷ ಹಾಲುಪುಡಿಯ ಆಫೀಸಿನಲ್ಲಿ ಕೂತಿದ್ದೂ ಸಾಲಲಿಲ್ಲ.

ಬುಧವಾರ ವಿಲ್ಫಿ ಅಮ್ಮನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ಪೆಟ್ಟಿಗೆ ಎತ್ತಿಕೊಟ್ಟ, ವೀಲ್‌ಚೇರ್ ಹೇಳಿದ, ಕಾಗದಗಳನ್ನೆಲ್ಲ ಕೈಗೆ ಕೊಟ್ಟ. ಮಾತು ಮಾತ್ರ ಆಡಲಿಲ್ಲ. ಮನೆಗೆ ಬಂದವನು ಟಿ.ವಿ. ಹಾಕಿ ಅದನ್ನೂ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ನೆಲ ಕಾದು ಕೆಂಡ. ಚರ್ಚಿನ ಗೇಟಿನಲ್ಲಿ ತಪಾಸಣೆಗೆ ನಿಂತ ಉದ್ದದ ಸಾಲು, ಬೆವರಿದ ಬಿಳಿ ಫ್ರಾಕುಗಳು, ಗಾಳಿಯಿಲ್ಲದೆ ನೇರ ನಿಂತ ಮೇಣದ ಬತ್ತಿಗಳು. ಬೇರೆ ಮಕ್ಕಳಿಗೆಲ್ಲ ಅಜ್ಜ ಅಜ್ಜಿಯರು ಸುತ್ತ ನಿಂತಿದ್ದರು. ಹೂವಿನ ಮುಡಿಯನ್ನು ನಾನೇ ಇಟ್ಟೆ, ಸ್ವಲ್ಪ ಓರೆಯಾಯಿತು. ಪೂಜೆ ಮುಗಿದು ಹೊರಗೆ ಬಂದಾಗ ನಮ್ಮ ಕಡೆಯವರೇ ಆದ ಫಾದರ್ ಒಬ್ಬರು ಜೆನಿಶಾಳ ತಲೆ ಸವರಿ ಕೇಳಿದರು.

“ಎಲ್ಲಿ ನಿನ್ನ ಅಜ್ಜಿ? ಊರಿನಿಂದ ಬಂದಿದ್ದಾರೆ ಅಂತ ಹೇಳ್ತಿದ್ದಿ?”

ನಾನು ಬಾಯಿ ತೆರೆದೆ. ಹುಷಾರಿಲ್ಲ ಫಾದರ್ ಎಂದೋ, ವೀಸಾ ತೊಂದರೆ ಎಂದೋ ಏನೋ ಒಂದು ನಾಲಿಗೆಯ ತುದಿಯಲ್ಲಿತ್ತು. ಜೆನಿಶಾ ನನಗಿಂತ ಮೊದಲು ಹೇಳಿದಳು. ಎಲ್ಲರಿಗೂ ಕೇಳುವ ಹಾಗೆ, ಗಲ್ಲ ಎತ್ತಿ ಹೇಳಿದಳು.

“ನಮ್ಮ ಬೊಳ್ಳಿಗೆ ಫಸ್ಟ್ ಬೇಬಿ ಫಾದರ್. ಅಜ್ಜಿ ಅಲ್ಲಿ ಇರ್ಲೇಬೇಕು. ನಾನೇ ಕಳಿಸಿದ್ದು.”

ಬೊಳ್ಳಿ ಯಾರೆಂದು ತಿಳಿದ ಮೇಲೆ ಫಾದರ್ ಜೋರಾಗಿ ನಕ್ಕರು, ಅವರದೂ ಹಸು ಇದ್ದ ಮನೆಯಂತೆ. ಸುತ್ತಲಿನವರೂ ನಕ್ಕರು. ವಿಲ್ಫಿ ಮಾತ್ರ ನಗಲಿಲ್ಲ. ಅವನು ಮಗಳನ್ನೇ ನೋಡುತ್ತಿದ್ದ.

ಕಾರಿನಲ್ಲಿ ಎ.ಸಿ. ತಣ್ಣಗಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ವಿಲ್ಫಿ, ಸ್ಟೀರಿಂಗ್ ಮೇಲೆ ಕೈ ಇಟ್ಟುಕೊಂಡೇ, ನನಗೆ ಇಷ್ಟು ವರ್ಷ ಹೇಳದ ಒಂದು ಮಾತು ಹೇಳಿದ.

“ನನ್ನ ಪರಮಪ್ರಸಾದಕ್ಕೂ ಅಮ್ಮ ಬಂದಿರಲಿಲ್ಲ. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಫಾದರ್ ನನ್ನ ಹತ್ತಿರ ಕೇಳಿದರು, ಅಮ್ಮ ಎಲ್ಲಿ ಅಂತ. ನಾನು ಜ್ವರ ಅಂತ ಹೇಳಿದೆ.”

“ಯಾಕೆ ಡ್ಯಾಡಿ?” ಹಿಂದಿನ ಸೀಟಿನಿಂದ ಜೆನಿಶಾ.

“ನಾಚಿಕೆ ಆಯ್ತು.”

“ಬೇಬಿ ಬಂತಾ ಆಗ?”

ಆ ಕರು ಉಳಿಯಿತೋ ಇಲ್ಲವೋ ವಿಲ್ಫಿ ಅಂದಿನಿಂದ ಇಂದಿನವರೆಗೆ ಕೇಳಿಯೇ ಇರಲಿಲ್ಲ. ಅವನು ಕಾರನ್ನು ಬದಿಗೆ ನಿಲ್ಲಿಸಿ, ಫೋನು ತೆಗೆದು ಊರಿಗೆ ಹಚ್ಚಿದ. ತುಂಬಾ ಹೊತ್ತು ರಿಂಗಾಯಿತು. ಎತ್ತಿದಾಗ ಮೊದಲು ಕೇಳಿಸಿದ್ದು ಮಳೆಯ ಸದ್ದು, ಆಮೇಲೆ ಹಟ್ಟಿಯೊಳಗೆ ಗಂಟೆಯ ಕಿಣಿಕಿಣಿ. ಅತ್ತೆ ಕನ್ನಡಕವಿಲ್ಲದೆ ಫೋನು ಎತ್ತುವವರು, ಯಾರ ಹೆಸರು ಬಂದಿದೆ ಎಂದು ನೋಡುವವರಲ್ಲ.

“ಕರು ಹಾಕಿದಳಾ?” ಎಂದು ಕೇಳಿದ ವಿಲ್ಫಿ. ಹಟ್ಟಿಯ ಸುದ್ದಿಯನ್ನು ಅವನು ಅಮ್ಮನ ಹತ್ತಿರ ಕೇಳಿದ್ದು ಅದೇ ಮೊದಲು, ಸ್ವರ ಒಂದು ತರಹ ಆಗಿತ್ತು.

“ಇಲ್ಲ, ಇನ್ನೂ ಇಲ್ಲ. ಸಂಜೆಯೊಳಗೆ ಹಾಕ್ತಾಳೆ,” ಎಂದರು ಅತ್ತೆ. ಆಮೇಲೆ ಅವರು ಕೇಳಿದರು:

“ಯಾರು ಮಾತಾಡುದು?”